ಈ ವಾರ: ಪುಸ್ತಕದ ಜೊತೆ ಒಂದು ಚಿತ್ರ

ಎಲ್ಲರಿಗೂ ನಮಸ್ಕಾರ. ಈ ವಾರ ನಿಮಗೆ ಇಷ್ಟವಾದ ಪುಸ್ತಕದ ಜೊತೆ ಇಷ್ಟದ ಒಂದು ಚಿತ್ರವನ್ನೂ (ಸಿನಿಮಾ ಅಲ್ಲ, ಪೇಂಟಿಂಗ್) ಗುಂಪಿಗೆ ಹಾಕಿ. ಎರಡರ ಅಭಿರುಚಿಗೂ ನಂಟಿದೆಯಾ ಅಂತ ನೋಡೋಣ.

ನನ್ನದು ಡಚ್ ಚಿತ್ರಕಾರ ವರ್ಮೀರ್ ಬರೆದ, ಹಾಲು ಸುರಿಯುವ ಹೆಂಗಸಿನ ಚಿತ್ರ. ಸುಮಾರು 1660ರದ್ದು. ಹಿಂದಿನ ಬಿಳಿ ಗೋಡೆ ನೋಡಿ: ಒಂದು ಮೊಳೆ, ಅದರ ನೆರಳು, ಕಿತ್ತ ಮೊಳೆಗಳ ತೂತು. ಬಿಡಿಸದಿದ್ದರೂ ನಡೆಯುತ್ತಿತ್ತು, ಬಿಡಿಸಿದ್ದಾನೆ. ಕಥೆಯಲ್ಲೂ ನನಗೆ ಇಂಥ ವಿವರವೇ ಬೇಕು. ದೊಡ್ಡ ತಿರುವು ಇಲ್ಲದಿದ್ದರೂ ಪರವಾಗಿಲ್ಲ.

ಆದರೆ ಈ ಲೆಕ್ಕ ಯಾವಾಗಲೂ ಕೂಡಿಬರುವುದಿಲ್ಲ. ಇನ್ನೊಬ್ಬ ಡಚ್ ಚಿತ್ರಕಾರ ಮೊಂಡ್ರಿಯಾನ್‌ನ ಕೆಂಪು, ನೀಲಿ, ಹಳದಿ ಚೌಕಗಳನ್ನು, ಅವುಗಳಲ್ಲಿ ಮನುಷ್ಯರೂ ಕಥೆಯೂ ಇಲ್ಲದಿದ್ದರೂ, ಎಷ್ಟು ಹೊತ್ತು ಬೇಕಾದರೂ ನೋಡುತ್ತೇನೆ. ಬರೀ ಮಾತಿನ ಆಟವೇ ಇರುವ ಕಾದಂಬರಿ ಕೊಟ್ಟರೆ ಹತ್ತು ಪುಟಕ್ಕೇ ಸುಸ್ತು! ಚಿತ್ರ ಹಿಡಿಸದಿದ್ದರೆ ಕಣ್ಣು ತಿರುಗಿಸಿದರಾಯಿತು. ಪುಸ್ತಕ ದಿನಗಟ್ಟಲೆ ಸಮಯ ಕೇಳುತ್ತದೆ. ಅದಕ್ಕೇ ಚಿತ್ರದ ವಿಷಯದಲ್ಲಿ ನಮಗೆ ಧೈರ್ಯ ಜಾಸ್ತಿ, ಅಲ್ವಾ?

ಸುಮ್ನೆ ‘ಚೆನ್ನಾಗಿದೆ’ ಅಂತ ಬೇಡ. ಚಿತ್ರದಲ್ಲಿ ಕಣ್ಣು ಎಲ್ಲಿ ನಿಂತಿತು, ಪುಸ್ತಕದಲ್ಲಿ ಯಾವ ಪುಟಕ್ಕೆ ಮತ್ತೆ ಹೋದಿರಿ, ಇಷ್ಟು ಬರೆಯಿರಿ. ಮುಖಪುಟದ ಚಿತ್ರ ಲೆಕ್ಕಕ್ಕಿಲ್ಲ. ಶನಿವಾರದೊಳಗೆ ಹಾಕಿ.