ಕೆರೆಗೆ ಉದ್ಘಾಟನೆ ಸಾಕು, ನೀರುಗಂಟಿ ಬೇಕು

ಮಾನ್ಯ ಸಂಪಾದಕರೇ,

ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಈಚೆಗೆ ಪಡುಬಿದ್ರಿಗೆ ಹೋಗಿದ್ದೆ. ಊಟವಾದ ಮೇಲೆ ಎಲ್ಲರೂ ಅಲ್ಲಿನ ಬ್ಲೂ ಫ್ಲ್ಯಾಗ್ ಕಡಲತೀರಕ್ಕೆ ಹೊರಟರು. ಮೈಸೂರಿನವರಿಗೆ ಸಮುದ್ರ ಕಂಡರೆ ವಯಸ್ಸು ಮರೆತುಹೋಗುತ್ತದೆ, ಮನೆಯಾಕೆ ಮೊಮ್ಮಕ್ಕಳ ಕೈ ಹಿಡಿದು ನೀರಿಗಿಳಿದೇಬಿಟ್ಟಳು. ನಾನು ಮಂಡಿನೋವಿನ ನೆಪ ಹೇಳಿ ದಡದಲ್ಲೇ ಉಳಿದು ಬಾವುಟ ನೋಡುತ್ತ ನಿಂತೆ. ಮೂವತ್ತು ವರ್ಷ ಲೆಕ್ಕಪತ್ರ ಶಾಖೆಯಲ್ಲಿ ಕಳೆದವನಿಗೆ ಅಲೆಗಿಂತ ಮೊದಲು ಹೊಳೆಯುವುದು ಖರ್ಚಿನ ಬಾಬ್ತೇ: ಇದನ್ನೆಲ್ಲ ಹೀಗೆ ಇಟ್ಟುಕೊಳ್ಳಲು ಪ್ರತಿವರ್ಷ ದುಡ್ಡು ಎಲ್ಲಿಂದ?

ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ಈ ಬಾವುಟ ಸಿಕ್ಕಿದ್ದು 2020ರಲ್ಲಿ. ಶುಚಿಯಾದ, ಸುರಕ್ಷಿತವಾದ ತೀರವೆಂದು ಗುರುತಿಸಿ ಇದನ್ನು ಕೊಡುವುದು ಡೆನ್ಮಾರ್ಕ್‌ನ ಒಂದು ಸಂಸ್ಥೆ. ನೀರಿನ ಗುಣಮಟ್ಟ, ಕಸ, ಶೌಚಾಲಯ, ಜೀವರಕ್ಷಕರು, ಅಂಗವಿಕಲರಿಗೆ ದಾರಿ, ಹೀಗೆ 33 ಮಾನದಂಡಗಳಿವೆ. ನೀರಿನ ಪರೀಕ್ಷೆಯ ಫಲಿತಾಂಶವನ್ನು ಬಂದವರಿಗೆಲ್ಲ ಕಾಣುವಂತೆ ಹಾಕಬೇಕೆಂಬುದೂ ಅದರಲ್ಲೊಂದು. ನನಗೆ ಹಿಡಿಸಿದ್ದು ಇನ್ನೊಂದು ಷರತ್ತು. ಬಾವುಟದ ಆಯುಸ್ಸು ಒಂದೇ ವರ್ಷ, ಮುಂದಿನ ವರ್ಷ ಮತ್ತೆ ಪರೀಕ್ಷೆ. 2025ರಲ್ಲಿ ವಿಶಾಖಪಟ್ಟಣದ ರುಷಿಕೊಂಡ ತೀರ ನಿರ್ವಹಣೆ ಸರಿಯಿಲ್ಲವೆಂದು ಬಾವುಟ ಕಳೆದುಕೊಂಡಿತು. ಅಧಿಕಾರಿಗಳು ಎದ್ದೆವೋ ಬಿದ್ದೆವೋ ಎಂದು ಓಡಾಡಿ ಎಲ್ಲ ಸರಿಪಡಿಸಿ ಅದನ್ನು ವಾಪಸ್ ಪಡೆಯಬೇಕಾಯಿತು.

ನಮಗೆ ಕಡಲಿಲ್ಲ, ಕೆರೆಗಳಿವೆ. ಮೈಸೂರಿನ ಕಡಲತೀರ ಎಂದರೆ ಕುಕ್ಕರಹಳ್ಳಿ ಕೆರೆಯ ಏರಿಯೇ. ಬೆಳಗ್ಗೆ ಹೋಗಿ ನೋಡಿ, ಪ್ರೊಫೆಸರೂ ಅಲ್ಲೇ, ಪೇಪರ್ ಹಾಕುವ ಹುಡುಗನೂ ಅಲ್ಲೇ, ಹೆಜ್ಜಾರ್ಲೆಯೂ ಅಲ್ಲೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ ಅದು, ಈಗ ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ. ಅದಕ್ಕೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆಯನ್ನು ನಗರವೇ ನುಂಗಿ ನೀರು ಕುಡಿಯಿತು. ಅದಕ್ಕೂ ಮುಂಚೆ, 1828ರಲ್ಲಿ ಅದೇ ಅರಸರು ರಾಣಿಯ ಹೆಸರಲ್ಲಿ ಕಟ್ಟಿಸಿದ ಲಿಂಗಾಂಬುಧಿ ಕೆರೆ ಅರಣ್ಯ ಇಲಾಖೆಯದು. ಕಾರಂಜಿ ಕೆರೆ ಮೃಗಾಲಯದವರದು. ಹೆಬ್ಬಾಳು ಕೆರೆಗೆ ಇನ್ಫೊಸಿಸ್ ಪ್ರತಿಷ್ಠಾನ 105 ಕೋಟಿ ರೂಪಾಯಿ ಸುರಿದು, ಕೊಳಚೆ ನೀರು ಶುದ್ಧೀಕರಣ ಘಟಕವನ್ನೂ ಕಟ್ಟಿಸಿಕೊಟ್ಟಿತು. ನಾಲ್ಕು ಕೆರೆಗೆ ನಾಲ್ಕು ದಿಕ್ಕಿನ ಯಜಮಾನರು. ಕೆರೆ ಕೆಡಿಸುವ ಒಳಚರಂಡಿ ಮಾತ್ರ ಇವರಲ್ಲಿ ಯಾರದೂ ಅಲ್ಲ.

ಕಾರಂಜಿಯನ್ನು ನೋಡಿ ಕಲಿಯಿರಿ ಎನ್ನುವವರಿದ್ದಾರೆ. ಕಲಿಯೋಣ. ಅಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವಿನಿಂದ ಕೆರೆ ಚೇತರಿಸಿಕೊಂಡಿತು, ಪಕ್ಷಿಗೂಡು, ಚಿಟ್ಟೆ ಉದ್ಯಾನ, ದೋಣಿ ಬಂದವು, ಟಿಕೆಟ್ ದುಡ್ಡೂ ಬರುತ್ತಿದೆ. ಆದರೆ ಪಕ್ಕದಲ್ಲೇ ಮೃಗಾಲಯವಿದೆ, ಪ್ರವಾಸಿಗರು ಬಸ್ಸುಗಟ್ಟಲೆ ಬಂದಿಳಿಯುತ್ತಾರೆ. ಬಡಾವಣೆ ಪಕ್ಕದ ಕೆರೆಗೆ ಬರುವವರು ಯಾರು? ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಲು ಹೇಳಿದವರು, ಮೊಮ್ಮಗುವನ್ನು ಎತ್ತಿಕೊಂಡ ಅಜ್ಜಿಯರು. ಅವರ ಮುಂದೆ ಟಿಕೆಟ್ ಕೌಂಟರ್ ಇಡುವುದಕ್ಕಾಗುತ್ತದೆಯೆ?

ಅಂಥ ಕೆರೆಯೊಂದರ ಕತೆ ಹೇಳುತ್ತೇನೆ. ನಾನು ದಿನಾ ನಡೆಯುವ ಜಾಗ, ಹೆಸರು ಬೇಡ. ಕೆಲವು ವರ್ಷಗಳ ಹಿಂದೆ ಅಲ್ಲಿ ‘ಸಮಗ್ರ ಅಭಿವೃದ್ಧಿ’ ಆಯಿತು. ಏರಿಯ ಮೇಲೆ ಬಣ್ಣದ ಇಂಟರ್‌ಲಾಕ್, ಕಲ್ಲುಬೆಂಚು, ಅಲಂಕಾರದ ದೀಪ, ಓಪನ್ ಜಿಮ್. ಶಾಮಿಯಾನ ಹಾಕಿ ಉದ್ಘಾಟನೆಯೂ ಆಯಿತು, ನಾವೆಲ್ಲ ಮೈಸೂರು ಪಾಕ್ ತಿಂದು ಚಪ್ಪಾಳೆ ತಟ್ಟಿದೆವು. ಎರಡು ಮಳೆಗಾಲ ಕಳೆಯಿತು. ಮೇಲಿನ ಬಡಾವಣೆಯ ಮ್ಯಾನ್‌ಹೋಲ್ ಉಕ್ಕಿದಾಗಲೆಲ್ಲ ಅದರ ನೀರು ಮಳೆಚರಂಡಿ ಹಿಡಿದು ನೇರ ಕೆರೆಗೆ ಬಂತು. ಕೊಳಚೆ ಉಂಡ ಅಂತರಗಂಗೆ ಹಾಸಿಗೆ ಹಾಸಿದಂತೆ ಹರಡಿತು. ಜಿಮ್ಮಿನ ಪೆಡಲನ್ನು ಯಾರೋ ಗುಜರಿಗೆ ಸಾಗಿಸಿದರು. ಕೋಡಿಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿಕೊಂಡಿದೆ, ತೂಬು ಎಲ್ಲಿದೆ ಎಂಬುದೇ ಈಗಿನವರಿಗೆ ಗೊತ್ತಿಲ್ಲ. ಉದ್ಘಾಟನೆಯ ಕಲ್ಲು ಮಾತ್ರ ಇವತ್ತಿಗೂ ಫಳಫಳ ಹೊಳೆಯುತ್ತಿದೆ.

ಕಚೇರಿಗೆ ಹೋಗಿ ಕೇಳಿದೆ. ಅಲ್ಲಿದ್ದ ನೌಕರ ಒಳ್ಳೆಯ ಹುಡುಗ, ಕೂರಿಸಿ ನೀರು ಕೊಟ್ಟ. “ಕಾಮಗಾರಿ ಮುಗಿದು ಬಿಲ್ ಪಾಸಾಗಿದೆ ಸಾರ್. ಮೇಂಟೆನೆನ್ಸ್‌ಗೆ ಹೆಡ್ಡೇ ಇಲ್ಲ” ಎಂದ. ಹೆಡ್ ಎಂದರೆ ಖರ್ಚು ಬರೆಯುವ ಲೆಕ್ಕಶೀರ್ಷಿಕೆ. ಸುಳ್ಳೇನೂ ಹೇಳಲಿಲ್ಲ. ಕಲ್ಲು, ಸಿಮೆಂಟಿಗೆ ಬಂಡವಾಳ ವೆಚ್ಚದಲ್ಲಿ ಕೋಟಿಗಟ್ಟಲೆ ಸಿಗುತ್ತದೆ, ಅದಕ್ಕೆ ಡಿಪಿಆರ್ ಎಂಬ ವಿವರವಾದ ಯೋಜನಾ ವರದಿ ಇದೆ, ಟೆಂಡರ್ ಇದೆ. ಕಳೆ ತೆಗೆಯುವ ಇಬ್ಬರು ಆಳು, ಒಬ್ಬ ಕಾವಲುಗಾರ, ತಿಂಗಳಿಗೊಂದು ನೀರಿನ ಪರೀಕ್ಷೆ ಇವು ರಾಜಸ್ವ ವೆಚ್ಚ, ಅಂದರೆ ಮತ್ತೆ ಮತ್ತೆ ಮಾಡಬೇಕಾದ ದಿನನಿತ್ಯದ ಖರ್ಚು. ಅದಕ್ಕೆ ಶಾಮಿಯಾನ ಹಾಕಿಸಲು ಬರುವುದಿಲ್ಲ, ಹಾಗಾಗಿ ಕೇಳುವವರೂ ಇಲ್ಲ.

ಹಿಂದಿನವರು ಈ ಲೆಕ್ಕದಲ್ಲಿ ನಮಗಿಂತ ಜಾಣರು. ಕೆರೆ ಕಟ್ಟಿಸಿದವರು ಅದರ ನಿರ್ವಹಣೆಗೆಂದೇ ಭೂಮಿ ಬಿಡುತ್ತಿದ್ದರು, ಶಾಸನಗಳಲ್ಲಿ ಬರುವ ‘ಬಿತ್ತುವಟ್ಟ’ ಅಂಥದ್ದೇ. ಹೂಳು ಹೊರುವ ಬಂಡಿಗೂ ದತ್ತಿ ಇರುತ್ತಿತ್ತು. ತೂಬು ಎತ್ತಿ ಇಳಿಸುವ ನೀರುಗಂಟಿಗೆ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ನಮ್ಮಜ್ಜನ ಕಾಲದವರೆಗೂ ಮಂಡ್ಯದ ಕಡೆ ಹಳ್ಳಿಗಳಲ್ಲಿ ಇದು ನಡೆದಿತ್ತು.

ದುಡ್ಡಿಲ್ಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. 2021ರಿಂದ 26ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ನಗರಗಳಿಗೆ ಶೇ 60ರಷ್ಟು ಹಣವನ್ನು ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆ, ನೈರ್ಮಲ್ಯ, ಕಸ ವಿಲೇವಾರಿಗೆಂದೇ ಮೀಸಲಿಡಲಾಗಿತ್ತು. ಉಕ್ಕುವ ಮ್ಯಾನ್‌ಹೋಲ್ ಸರಿಮಾಡುವುದು ನೈರ್ಮಲ್ಯವಲ್ಲದೆ ಮತ್ತೇನು? ಬಡಾವಣೆಗಳಿಗೆ ಮಂಜೂರಾತಿ ಕೊಡುವಾಗ ಕೆರೆಯ ಹೆಸರಲ್ಲಿ ಶುಲ್ಕ ಕಟ್ಟಿಸಿಕೊಳ್ಳುವುದೂ ಉಂಟು. ಅದರಲ್ಲಿ ಯಾವ ಕೆರೆಗೆ ಎಷ್ಟು ಹೋಯಿತೆಂದು ವರ್ಷಕ್ಕೊಮ್ಮೆ ಪತ್ರಿಕೆಯಲ್ಲಿ ಪ್ರಕಟಿಸಲಿ. ಮುಂದಿನ ಬಜೆಟ್ಟಿನಲ್ಲಿ ‘ಕೆರೆ ನಿರ್ವಹಣೆ’ ಎಂದು ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆದು, ಸಣ್ಣ ಮೊತ್ತವೇ ಆದರೂ ಪ್ರತಿವರ್ಷ ಇಡಲಿ. ಕೆರೆ ಯಾವ ಇಲಾಖೆಯದೇ ಇರಲಿ, ಅದಕ್ಕೆ ಬಂದು ಸೇರುವ ಚರಂಡಿಯ ಹೊಣೆ ಯಾರದೆಂದು ಏರಿಯ ಮೇಲೆ ಬೋರ್ಡ್ ಬರೆಸಲಿ, ಕೆಳಗೆ ಆ ತಿಂಗಳ ನೀರಿನ ಪರೀಕ್ಷೆಯ ಫಲಿತಾಂಶ ಅಂಟಿಸಲಿ. ಹೊಸ ದೀಪ, ಹೊಸ ಬೆಂಚು ಆಮೇಲೆ.

ಇದನ್ನೆಲ್ಲ ವಾರ್ಡ್ ಸದಸ್ಯರಿಗೆ ಹೇಳೋಣವೆಂದರೆ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2023ರ ನವೆಂಬರ್‌ನಲ್ಲೇ ಮುಗಿದುಹೋಯಿತು. ಅದಕ್ಕೇ ತಮಗೆ ಬರೆಯುತ್ತಿದ್ದೇನೆ. ನಾನು ನಡೆಯುವ ಏರಿಯ ಮೇಲೆ ಸದ್ಯ ಹನ್ನೊಂದು ದೀಪ ಉರಿಯುತ್ತಿಲ್ಲ. ಬಲ್ಬ್ ಹಾಕಿಸಲು ಯಾವ ಕಚೇರಿಯ ಯಾವ ಮೇಜಿಗೆ ಅರ್ಜಿ ಕೊಡಬೇಕೆಂದು ತಿಳಿದವರು ಇದೇ ಅಂಕಣದಲ್ಲಿ ಬರೆದರೆ ಉಪಕಾರವಾಗುತ್ತದೆ.

ಇತಿ,
ಒಬ್ಬ ನಿವೃತ್ತ ಲೆಕ್ಕಿಗ
ಕುವೆಂಪುನಗರ, ಮೈಸೂರು