ಶನಿವಾರ ಮಲ್ಪೆ ಬಂದರಿಗೆ: ಪೋಷಕರೂ ಓದಿ

ಮಕ್ಕಳೇ, ಶನಿವಾರ ಬೆಳಿಗ್ಗೆ 7ಕ್ಕೆ ಶಾಲೆಯ ಗೇಟಿನ ಹತ್ತಿರ ಸೇರಿ. ವಿಜ್ಞಾನ ಪಾಠ ಈ ಸಲ ಮಲ್ಪೆ ಬಂದರಿನಲ್ಲಿ.

ಬೋಟಿಗೆ ಐಸ್ ತುಂಬುವುದನ್ನು ಚೆನ್ನಾಗಿ ಗಮನಿಸಿ. ಮೀನಿಗೆ ತಣ್ಣೀರು ಸಾಲದಾ, ಐಸೇ ಯಾಕೆ ಅಂತ ಯೋಚಿಸಿಕೊಂಡು ಬನ್ನಿ. 1 ಗ್ರಾಂ ನೀರನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 4.2 ಜೂಲ್ ಶಾಖ ಸಾಕು. ಆದರೆ 1 ಗ್ರಾಂ ಐಸ್ 0 ಡಿಗ್ರಿಯಲ್ಲೇ ಕರಗಿ ನೀರಾಗಲು ಸುಮಾರು 334 ಜೂಲ್ ಬೇಕು! ಆ ಶಾಖವನ್ನು ಅದು ಮೀನಿನಿಂದ, ಸುತ್ತಲಿನ ಗಾಳಿಯಿಂದ ಎಳೆದುಕೊಳ್ಳುತ್ತದೆ. ಕರಗುವಷ್ಟು ಹೊತ್ತು ಐಸಿನ ಉಷ್ಣತೆ ಮಾತ್ರ ಏರುವುದಿಲ್ಲ. ಪುಸ್ತಕದಲ್ಲಿ ಐಸ್ ಕರಗುವಾಗಿನ ಉಷ್ಣತೆಯ ಗ್ರಾಫಿನಲ್ಲಿ ಗೆರೆ ಸಮತಟ್ಟಾಗಿ ಹೋಗುವುದು ಇದಕ್ಕೇ. ದಯವಿಟ್ಟು ಇದನ್ನು ಸುಮ್ನೆ ಬಾಯಿಪಾಠ ಮಾಡಬೇಡಿ, ಅರ್ಥವಾಗುವವರೆಗೂ ಕೇಳಿ.

ಪ್ರತಿಯೊಬ್ಬರೂ ಒಂದು ಬಾಟಲಿ ಬಾವಿ ನೀರು, ಒಂದು ಖಾಲಿ ಗಾಜಿನ ಲೋಟ ತನ್ನಿ. ಬಾವಿ ನೀರು ಲೀಟರಿಗೆ ಸುಮಾರು 1 ಕೆಜಿ. ಸಮುದ್ರದ ನೀರು ಉಪ್ಪಿನಿಂದಾಗಿ ಸುಮಾರು 1.025 ಕೆಜಿ. ವ್ಯತ್ಯಾಸ ಸಣ್ಣದು, ಅಲ್ವಾ? ಆದರೂ ಬಣ್ಣ ಹಾಕಿದ ಬಾವಿ ನೀರನ್ನು ಸಮುದ್ರದ ನೀರಿನ ಮೇಲೆ ಚಮಚದಿಂದ ಮೆಲ್ಲಗೆ ಬಿಟ್ಟರೆ ಅದು ಮೇಲೆಯೇ ನಿಲ್ಲುತ್ತದೆ.

ಸಮುದ್ರದ ನೀರು ನಾನೇ ತುಂಬಿಸಿ ಕೊಡುತ್ತೇನೆ. ಮಕ್ಕಳು ಧಕ್ಕೆಯ (ಬೋಟು ನಿಲ್ಲಿಸುವ ಕಟ್ಟೆಯ) ಅಂಚಿಗೆ ಹೋಗುವಂತಿಲ್ಲ. ಬರುವವರು ಗುರುವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ.