ನಿಮ್ಮ ಕನೆಕ್ಟರ್ ಎರರ್ ಕೋಡ್ ಮುಚ್ಚಿಡುತ್ತಿದೆ, ದಯವಿಟ್ಟು ಸರಿಮಾಡಿ

ಸಪೋರ್ಟ್ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಎಂಕ್ಯೂ ಕನೆಕ್ಷನ್ ಪದೇಪದೇ ಕಡಿದುಹೋಗುತ್ತಿರುವ ಬಗ್ಗೆ ದೂರು

ನಮಸ್ಕಾರ. ನಮ್ಮ ಆರ್ಡರ್‌ಗಳನ್ನು ಐಬಿಎಂ ಎಂಕ್ಯೂಗೆ (ಮೆಸೇಜ್‌ಗಳನ್ನು ಕ್ಯೂನಲ್ಲಿ, ಅಂದರೆ ಸಾಲಿನಲ್ಲಿ, ಇಟ್ಟು ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ತಲುಪಿಸುವ ಸಾಫ್ಟ್‌ವೇರ್) ಕಳಿಸುವ ನಿಮ್ಮ ಇಂಟಿಗ್ರೇಷನ್ ಕನೆಕ್ಟರ್ ಬಗ್ಗೆ ನಾವು ಹಾಕಿದ ಮೂರು ಟಿಕೆಟ್‌ಗಳನ್ನೂ 'ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋಗಿದೆ' ಅಂತ ಬರೆದು ಮುಚ್ಚಿದ್ದೀರಿ. ಸರಿಹೋಗಿಲ್ಲ. ಅದಕ್ಕೇ ಈ ಪತ್ರ.

ಹಗಲು ಹೊತ್ತು ಮೆಸೇಜ್‌ಗಳು ಬಿಡುವಿಲ್ಲದೆ ಹೋಗುತ್ತಿರುವಾಗ ಯಾವ ತೊಂದರೆಯೂ ಇಲ್ಲ. ರಾತ್ರಿ ಓಡಾಟ ಕಡಿಮೆಯಾಗಿ ಲೈನ್ ಐದಾರು ನಿಮಿಷ ಸುಮ್ಮನಿದ್ದರೆ ಸಾಕು, ಆಮೇಲೆ ಬರುವ ಮೊದಲ ಆರ್ಡರ್ ಕ್ಯೂಗೆ ಹೋಗದೆ ಸಿಕ್ಕಿಕೊಳ್ಳುತ್ತದೆ. ನಿಮ್ಮ ಲಾಗ್‌ನಲ್ಲಿ 'ಕನೆಕ್ಷನ್ ವಿಫಲ' ಅನ್ನುವ ಒಂದೇ ಸಾಲು. ಯಾವ ಕ್ಯೂ ಮ್ಯಾನೇಜರ್ (ಕ್ಯೂಗಳನ್ನು ನಡೆಸುವ ಸರ್ವರ್), ಯಾವ ಚಾನೆಲ್ (ಅದಕ್ಕೆ ಹೋಗುವ ಸಂಪರ್ಕದ ದಾರಿ), ರೀಸನ್ ಕೋಡ್ (ಏನಾಯಿತು ಅಂತ ಹೇಳುವ ಸಂಖ್ಯೆ) ಎಷ್ಟು, ಒಂದೂ ಇಲ್ಲ. ಐಬಿಎಂ ಎಂಕ್ಯೂ ಪ್ರತಿ ಕಾಲ್‌ಗೂ ರೀಸನ್ ಕೋಡ್ ಕೊಡುತ್ತದೆ ಅಲ್ವಾ? ಅದನ್ನು ನೀವು ನುಂಗಿಬಿಟ್ಟರೆ ನಾವು ಎಲ್ಲಿ ಅಂತ ಹುಡುಕಬೇಕು? 2035 ಬಂದರೆ ಅನುಮತಿಯ ಸಮಸ್ಯೆ, 2538 ಬಂದರೆ ಆ ಹೋಸ್ಟ್ ತಲುಪಲು ಆಗುತ್ತಿಲ್ಲ, 2059 ಬಂದರೆ ಕ್ಯೂ ಮ್ಯಾನೇಜರ್ ಸಿಗುತ್ತಿಲ್ಲ. ಒಂದೊಂದನ್ನೂ ಸರಿಮಾಡುವ ದಾರಿ ಬೇರೆ. ಕೊನೆಗೆ ನಾವೇ ರಾತ್ರಿಯೆಲ್ಲ ಕೂತು ಕ್ಲೈಂಟ್ ಟ್ರೇಸ್ (ನಮ್ಮ ಕಡೆಯಿಂದ ಹೋದ ಪ್ರತಿ ಕಾಲ್‌ನ ವಿವರ ದಾಖಲೆ) ತೆಗೆದಾಗ ಕಂಡದ್ದು 2009. ಅಂದರೆ ಇದ್ದ ಕನೆಕ್ಷನ್ ಕಡಿದಿದೆ.

ನಿಮ್ಮವರು ಮೊದಲು ಹೇಳಿದ್ದು, ಎಂಕ್ಯೂನ 1414 ಪೋರ್ಟ್‌ಗೆ ಟೆಲ್‌ನೆಟ್ ಮಾಡಿ, ಅಂದರೆ ಕೈಯಾರೆ ಕನೆಕ್ಟ್ ಮಾಡಿ ನೋಡಿ ಅಂತ. ಅದು ಪ್ರತಿ ಸಲವೂ ಹೋಗುತ್ತದೆ, ಯಾಕೆಂದರೆ ಅದು ಹೊಸ ಕನೆಕ್ಷನ್. ಹಳೆಯದು ಸತ್ತಿದೆಯೋ ಬದುಕಿದೆಯೋ ಅದರಿಂದ ಗೊತ್ತಾಗುವುದಿಲ್ಲ. ಆಮೇಲೆ ಚಾನೆಲ್ ಅಥೆಂಟಿಕೇಷನ್ (ಯಾರು ಕನೆಕ್ಟ್ ಆಗಬಹುದು ಅಂತ ತಡೆಯುವ ಕಾವಲು) ಆಫ್ ಮಾಡಿ ಅಂದರು. ಇದು ನನಗೆ ನಿಜಕ್ಕೂ ಸಿಟ್ಟು ತರಿಸಿತು. 2035 ಬಂದೇ ಇಲ್ಲದ ಕಡೆ, ಸುಮ್ನೆ ಪ್ರಯೋಗಕ್ಕೆ ಅಂತ, ಪ್ರೊಡಕ್ಷನ್ ಸರ್ವರ್‌ನ ಬಾಗಿಲು ತೆಗೆದಿಡಿ ಅನ್ನುವುದು ಯಾವ ಸಲಹೆ?

ಅಸಲಿ ಕಾರಣ ನಮಗೆ ಸಿಕ್ಕಿದೆ. ನಡುವೆ ಇರುವ ಫೈರ್‌ವಾಲ್ ನಾಲ್ಕು ನಿಮಿಷ ಸುಮ್ಮನಿದ್ದ ಕನೆಕ್ಷನ್ನನ್ನು ಎರಡೂ ಕಡೆಗೆ ಹೇಳದೆ ಮರೆತುಬಿಡುತ್ತದೆ. ಎಂಕ್ಯೂ ಚಾನೆಲ್‌ನ ಹಾರ್ಟ್‌ಬೀಟ್ (ಲೈನ್ ಸುಮ್ಮನಿದ್ದಾಗ ಬದುಕಿದ್ದೇನೆ ಅಂತ ಕಳಿಸುವ ಚಿಕ್ಕ ಸಂಕೇತದ ಅಂತರ) ಡಿಫಾಲ್ಟ್ ಆಗಿ 300 ಸೆಕೆಂಡ್, ಅಂದರೆ ಐದು ನಿಮಿಷ. ಅಂಥದ್ದೇ ಕೆಲಸ ಮಾಡುವ ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ ಅಂತೂ ಡಿಫಾಲ್ಟ್ ಬಿಟ್ಟರೆ 7200 ಸೆಕೆಂಡ್, ಎರಡು ಗಂಟೆ. ನಾವು ನಮ್ಮ ಚಾನೆಲ್‌ನಲ್ಲಿ ಹಾರ್ಟ್‌ಬೀಟ್ 60ಕ್ಕೆ ಇಳಿಸಿದೆವು. ಚಾನೆಲ್ ಸ್ಟೇಟಸ್ ನೋಡಿದರೆ ಆಗಲೂ 300! ಎರಡು ಕಡೆಯ ಮೌಲ್ಯಗಳಲ್ಲಿ ಜಾಸ್ತಿ ಇರುವುದನ್ನೇ ಎಂಕ್ಯೂ ಹಿಡಿಯುತ್ತದೆ, ನಿಮ್ಮ ಕನೆಕ್ಟರ್ 300 ಅನ್ನು ಒಳಗೇ ಬರೆದಿಟ್ಟಿದೆ, ಬದಲಿಸಲು ಸೆಟ್ಟಿಂಗ್ ಕೊಟ್ಟಿಲ್ಲ. ನಮ್ಮ ಕೈಯಲ್ಲಿ ಇರುವುದನ್ನೆಲ್ಲ ಮಾಡಿ ಆಯಿತು.

ಇದಕ್ಕಿಂತ ಭಯ ಹುಟ್ಟಿಸುವುದು ಇನ್ನೊಂದಿದೆ. ಕಮಿಟ್ ಮಾಡುವ (ಕಳಿಸಿದ್ದನ್ನು ಖಾಯಂ ಮಾಡುವ) ಹೊತ್ತಿಗೆ 2009 ಬಂದರೆ ಮೆಸೇಜ್ ಕ್ಯೂಗೆ ಸೇರಿತೋ ಇಲ್ಲವೋ ಹೇಳಲು ಬರುವುದಿಲ್ಲ. ನಿಮ್ಮ ಕನೆಕ್ಟರ್ ಏನೂ ನೋಡದೆ ಅದನ್ನೇ ಮತ್ತೆ ಕಳಿಸುತ್ತದೆ, ಅದೂ ಪ್ರತಿ ಸಲ ಹೊಸ ಮೆಸೇಜ್ ಐಡಿ ಹಾಕಿ. ಹೀಗಾಗಿ ಒಂದೇ ಆರ್ಡರ್ ಎರಡು ಸಲ ದಾಖಲಾಗಿದೆ, ಹೀಗೆ ಆಗಿದ್ದು ಒಂದಲ್ಲ ನಾಲ್ಕು ಸಲ. ಅದನ್ನು ನಾವು ಕೈಯಾರೆ ಹುಡುಕಿ ಅಳಿಸಿದ್ದೇವೆ.

ನಮಗೆ ಬೇಕಾಗಿರುವುದು ಹೆಚ್ಚೇನಲ್ಲ. ರೀಸನ್ ಕೋಡ್, ಚಾನೆಲ್, ಕ್ಯೂ ಮ್ಯಾನೇಜರ್ ಹೆಸರು ಲಾಗ್‌ಗೆ ಬರಲಿ. ಹಾರ್ಟ್‌ಬೀಟ್ ನಾವೇ ಬದಲಿಸುವ ಹಾಗೆ ಬಿಡಿ. ಪೂಲ್‌ನಲ್ಲಿರುವ (ಮತ್ತೆ ಬಳಸಲು ತೆರೆದಿಟ್ಟಿರುವ) ಕನೆಕ್ಷನ್ ಕೊಡುವ ಮುಂಚೆ ಅದು ಜೀವಂತ ಇದೆಯಾ ಅಂತ ನೋಡಿ, ಸತ್ತಿದ್ದರೆ ಬಿಸಾಕಿ ಹೊಸದು ತೆರೆಯಿರಿ. ಮೆಸೇಜ್ ಮತ್ತೆ ಕಳಿಸುವಾಗ ಹಳೆಯ ಐಡಿಯನ್ನೇ ಇಟ್ಟರೆ ಆಚೆ ಕಡೆಯವರು ನಕಲು ಗುರುತಿಸಬಹುದು.

ಟ್ರೇಸ್ ಫೈಲ್, ಚಾನೆಲ್ ಸ್ಟೇಟಸ್, ಫೈರ್‌ವಾಲ್ ಲಾಗ್ ಮೂರನ್ನೂ ಲಗತ್ತಿಸಿದ್ದೇನೆ. ಟಿಕೆಟ್ ಮತ್ತೆ ತೆರೆದು, ಈ ಕೋಡ್ ಬರೆದ ಎಂಜಿನಿಯರ್ ಜೊತೆ ಈ ವಾರವೇ ಒಂದು ಕಾಲ್ ಇಡಿ. ರೀಸ್ಟಾರ್ಟ್ ಮಾಡಿ ಅನ್ನುವ ಉತ್ತರ ಮಾತ್ರ ಕಳಿಸಬೇಡಿ.

ಇಂತಿ,
ಇಂಟಿಗ್ರೇಷನ್ ತಂಡದ ಪರವಾಗಿ